ಸರೋವರ ಯಾರದು? – ಲೇಕ್ ಜಿನೀವಾದ ಒಂದು ಬೇಸಿಗೆ



ನಿಮ್ಮೂರಿನ ಅಂಚೆಯವನು ಸೈಕಲ್ಲಿನ ಮೇಲೆ ಬರುವುದನ್ನೂ ನಡೆದು ಬರುವುದನ್ನೂ ನೀವು ನೋಡಿದ್ದೀರಿ. ದೋಣಿಯಿಂದ ಹಾರಿ ಬರುವ ಅಂಚೆಯವನನ್ನು ನೋಡಿದ್ದೀರಾ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಸರೋವರವಿದೆ. ಪ್ರತಿ ವರ್ಷ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿ ಒಂದು ದೋಣಿ ಬೆಳಿಗ್ಗೆ ಹೊರಟು, ದಂಡೆಯುದ್ದಕ್ಕೂ ಇರುವ ಹಲವಾರು ಮನೆಗಳಿಗೆ ಟಪಾಲು ಹಂಚುತ್ತದೆ. ವಿಶೇಷವೆಂದರೆ ದೋಣಿ ಎಲ್ಲಿಯೂ ನಿಲ್ಲುವುದಿಲ್ಲ. ಪ್ರತಿ ಮನೆಯ ಮುಂದೆಯೂ ನೀರಿನೊಳಕ್ಕೆ ಚಾಚಿಕೊಂಡಿರುವ ಮರದ ಕಟ್ಟೆಯೊಂದಿರುತ್ತದೆ; ಅದನ್ನು ಅಲ್ಲಿಯವರು ಪಿಯರ್ ಎನ್ನುತ್ತಾರೆ. ದೋಣಿ ಅದರ ಪಕ್ಕದಲ್ಲಿ ನಿಧಾನವಾಗಿ ಸಾಗುತ್ತಿರುವಾಗ ನಿಮ್ಮ ವಯಸ್ಸಿನ ಹುಡುಗನೋ ಹುಡುಗಿಯೋ ಕೈಯಲ್ಲಿ ಕಾಗದಗಳ ಕಟ್ಟು ಹಿಡಿದು ಕಟ್ಟೆಯ ಮೇಲಕ್ಕೆ ಹಾರಬೇಕು, ಅಂಚೆಪೆಟ್ಟಿಗೆಯ ಕಡೆಗೆ ಓಡಬೇಕು, ಬಂದ ಕಾಗದಗಳನ್ನು ಹಾಕಿ ಹೋಗಬೇಕಾದ ಕಾಗದಗಳನ್ನು ತೆಗೆದುಕೊಳ್ಳಬೇಕು, ದೋಣಿಯ ಹಿಂಭಾಗ ಕೈಗೆಟಕುವಷ್ಟರಲ್ಲಿ ಓಡಿಬಂದು ಮತ್ತೆ ಅದರೊಳಕ್ಕೆ ಹಾರಬೇಕು. ಸ್ವಲ್ಪ ತಡವಾದರೆ ನೀರಿಗೆ ಬೀಳುವುದೇ ಸರಿ. ದೋಣಿಯಲ್ಲಿ ಕುಳಿತ ಪ್ರವಾಸಿಗರು ಹಾರಿದವರಿಗೂ ಚಪ್ಪಾಳೆ ತಟ್ಟುತ್ತಾರೆ, ಬಿದ್ದವರಿಗೂ ತಟ್ಟುತ್ತಾರೆ.

ಇದು 1916ರಿಂದ ನಡೆದು ಬಂದ ಪದ್ಧತಿ. ಆ ಕಾಲದಲ್ಲಿ ಸರೋವರದ ಸುತ್ತ ಒಳ್ಳೆಯ ರಸ್ತೆಗಳಿರಲಿಲ್ಲವಾದ್ದರಿಂದ ಟಪಾಲಿಗೆ ನೀರೇ ದಾರಿಯಾಯಿತು. ಈಗ ರಸ್ತೆಗಳಿವೆ, ಪದ್ಧತಿಯೂ ಉಳಿದಿದೆ. ಈ ಕೆಲಸಕ್ಕೆ ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹಾರಿ ತೋರಿಸಿ ಪರೀಕ್ಷೆ ಕೊಡುತ್ತಾರೆ. ಇಲ್ಲಿ ಭೌತಶಾಸ್ತ್ರದ ಒಂದು ಪಾಠವೂ ಇದೆ. ದೋಣಿಯಲ್ಲಿ ನಿಂತವನ ದೇಹಕ್ಕೆ ದೋಣಿಯದೇ ವೇಗ ಇರುತ್ತದೆ. ಕಾಲು ನಿಶ್ಚಲವಾದ ಕಟ್ಟೆಯನ್ನು ಮುಟ್ಟಿದರೂ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗಲು ಯತ್ನಿಸುತ್ತದೆ. ಆದ್ದರಿಂದ ಹಾರಿದವನು ತಟಕ್ಕನೆ ನಿಲ್ಲದೆ ನಾಲ್ಕು ಹೆಜ್ಜೆ ಓಡಲೇಬೇಕು. ಚಲಿಸುವ ಬಸ್ಸಿನಿಂದ ಇಳಿಯುವವರು ಮಾಡುವುದೂ ಇದನ್ನೇ. (ಇಳಿಯಬಾರದು ಎಂಬುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ.)

ಅಟ್ಲಾಸ್ ತೆರೆಯಿರಿ. ಅಮೆರಿಕದ ಮಹಾಸರೋವರಗಳಲ್ಲಿ ಮಿಷಿಗನ್ ಸರೋವರವನ್ನು ಹುಡುಕಿ. ಅದರ ದಕ್ಷಿಣದ ತುದಿಯ ಬಳಿ ಷಿಕಾಗೊ ನಗರವಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ನಾವು ಮಾತನಾಡುತ್ತಿರುವ ಜಿನೀವಾ ಸರೋವರ ಸಿಗುತ್ತದೆ. ನಿಮ್ಮ ಅಟ್ಲಾಸಿನಲ್ಲಿ ಅದು ಕಾಣದೆ ಇದ್ದರೆ ಆಶ್ಚರ್ಯವಿಲ್ಲ. ಉದ್ದ ಸುಮಾರು 12 ಕಿಲೋಮೀಟರ್, ಅಗಲ ಹೆಚ್ಚೆಂದರೆ 3 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಆಳ ಅತಿ ಹೆಚ್ಚಿರುವ ಕಡೆ 40 ಮೀಟರಿನಷ್ಟು. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಜಿನೀವಾದೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. 1835ರಲ್ಲಿ ಇಲ್ಲಿಗೆ ಬಂದ ಜಾನ್ ಬ್ರಿಂಕ್ ಎಂಬ ಭೂಮಾಪಕ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರನ್ನು ನೆನೆದು ಇದಕ್ಕೆ ಈ ಹೆಸರಿಟ್ಟ. ದಂಡೆಯಲ್ಲಿ ಮೂರು ಊರುಗಳಿವೆ: ಪೂರ್ವದಲ್ಲಿ ಲೇಕ್ ಜಿನೀವಾ, ಉತ್ತರದಲ್ಲಿ ವಿಲಿಯಮ್ಸ್ ಬೇ, ಪಶ್ಚಿಮದಲ್ಲಿ ಫಾಂಟಾನಾ. ಮೂರರಲ್ಲಿ ದೊಡ್ಡದಾದ ಲೇಕ್ ಜಿನೀವಾದ ಜನಸಂಖ್ಯೆ 2020ರ ಗಣತಿಯಲ್ಲಿ ಎಂಟು ಸಾವಿರದ ಆಸುಪಾಸಿನಲ್ಲಿತ್ತು. ಬೇಸಿಗೆ ಬಂತೆಂದರೆ ಈ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ಇಲ್ಲಿ ಇಷ್ಟು ಶ್ರೀಮಂತಿಕೆ ಹೇಗೆ ಸೇರಿತು? ಅದಕ್ಕೆ 1871ನೆಯ ಇಸವಿಯನ್ನು ನೆನಪಿಡಬೇಕು. ಆ ವರ್ಷ ಅಕ್ಟೋಬರ್ 8ರ ರಾತ್ರಿ ಷಿಕಾಗೊ ನಗರಕ್ಕೆ ಬೆಂಕಿ ಬಿತ್ತು. ಹೆಚ್ಚಾಗಿ ಮರದಿಂದಲೇ ಕಟ್ಟಿದ್ದ ಆ ನಗರ ಎರಡು ದಿನ ಉರಿಯಿತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಅದೇ ವರ್ಷ ಷಿಕಾಗೊದಿಂದ ಲೇಕ್ ಜಿನೀವಾಕ್ಕೆ ರೈಲು ಬಂದಿತ್ತು. ನಗರವನ್ನು ಮತ್ತೆ ಕಟ್ಟುವವರೆಗೆ ಕುಟುಂಬದವರು ನೆಮ್ಮದಿಯಾಗಿರಲಿ ಎಂದು ಅಲ್ಲಿನ ವರ್ತಕರೂ ಕಾರ್ಖಾನೆಗಳ ಒಡೆಯರೂ ಈ ದಂಡೆಯ ಕಡೆ ನೋಡಿದರು. ಹೆಂಡತಿ ಮಕ್ಕಳು ಬೇಸಿಗೆಯಿಡೀ ಇಲ್ಲಿ. ಯಜಮಾನರು ಶನಿವಾರದ ರೈಲಿಗೆ ಬಂದು ಸೋಮವಾರದ ರೈಲಿಗೆ ಮರಳುವುದು. ಸಾಬೂನು, ಬಿಯರ್, ಜವಳಿ ಅಂಗಡಿ, ಸೈಕಲ್, ಚೂಯಿಂಗ್ ಗಮ್ – ಅಮೆರಿಕದ ಜನಸಾಮಾನ್ಯರು ಕೊಳ್ಳುತ್ತಿದ್ದ ಸಣ್ಣ ಸಣ್ಣ ವಸ್ತುಗಳ ಲಾಭವೆಲ್ಲ ಇಲ್ಲಿ ಬಂಗಲೆಗಳಾಗಿ ಎದ್ದು ನಿಂತಿತು. ರಿಗ್ಲಿ ಹೆಸರಿನ ಚೂಯಿಂಗ್ ಗಮ್ಮನ್ನು ನೀವು ಕೇಳಿರಬಹುದು. ಆ ಮನೆತನದವರು ಈ ದಂಡೆಯವರೇ. ಷ್ವಿನ್ ಸೈಕಲ್ಲಿನವರೂ ಇಲ್ಲಿ ಮನೆ ಮಾಡಿದ್ದರು. ಪೂರ್ವ ಕರಾವಳಿಯ ಶ್ರೀಮಂತರ ನ್ಯೂಪೋರ್ಟ್ ಪಟ್ಟಣವನ್ನು ನೆನೆದು ಇದನ್ನು ಜನ ಪಶ್ಚಿಮದ ನ್ಯೂಪೋರ್ಟ್ ಎಂದು ಕರೆದರು.

ಈ ಮನೆಗಳಲ್ಲಿ ಎರಡನ್ನು ಮಾತ್ರ ನೋಡೋಣ. ಒಂದು ಸ್ಟೋನ್ ಮ್ಯಾನರ್. ಷಿಕಾಗೊದ ವರ್ತಕ ಆಟೊ ಯಂಗ್ 1899ರಿಂದ 1901ರ ನಡುವೆ ಕಟ್ಟಿಸಿದ ಕಲ್ಲಿನ ಅರಮನೆ. ಈ ದಂಡೆಯಲ್ಲಿ ಇದಕ್ಕಿಂತ ದೊಡ್ಡ ಮನೆ ಇಲ್ಲ. ಅಷ್ಟು ದೊಡ್ಡ ಮನೆಯನ್ನು ಒಂದು ಕುಟುಂಬ ಎಷ್ಟು ಕಾಲ ಸಾಕಿತು? ಅದು ಕೈ ಬದಲಾಯಿಸುತ್ತ ಬಂದು, ಕೊನೆಗೆ ಒಳಗೆ ಹಲವು ಪಾಲಾಗಿ, ಈಗ ಬೇರೆ ಬೇರೆ ಒಡೆಯರ ಫ್ಲಾಟುಗಳಾಗಿದೆ.

ಇನ್ನೊಂದು ಬ್ಲ್ಯಾಕ್ ಪಾಯಿಂಟ್. ಬಿಯರ್ ತಯಾರಕ ಕಾನ್ರಾಡ್ ಸೈಪ್ 1888ರಲ್ಲಿ ಕಟ್ಟಿಸಿದ ಮರದ ಮನೆ. ಎತ್ತರದ ಗೋಪುರ, ಸುತ್ತಲೂ ಅಗಲವಾದ ಜಗುಲಿ. ಮಲಗುವ ಕೋಣೆಗಳು 13, ಸ್ನಾನದ ಮನೆ ಒಂದೇ ಒಂದು! ಬೆಳಿಗ್ಗೆ ಅಲ್ಲಿನ ಗಲಾಟೆಯನ್ನು ನೀವೇ ಊಹಿಸಿಕೊಳ್ಳಿ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಕಷ್ಟವಾಗಲಾರದು. ಮನೆಯನ್ನು ಬೇಸಿಗೆಗೆಂದೇ ಕಟ್ಟಿದ್ದರಿಂದ ಚಳಿಗಾಲದ ವ್ಯವಸ್ಥೆ ಇರಲಿಲ್ಲ. ಬೇಸಿಗೆ ಮುಗಿದರೆ ಬೀಗ. ಸೈಪ್‌ನ ವಂಶಸ್ಥರೊಬ್ಬರು 2005ರಲ್ಲಿ ಈ ಮನೆಯನ್ನು ರಾಜ್ಯಕ್ಕೆ ದಾನವಾಗಿ ಕೊಟ್ಟರು. 2007ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇದು ಸುಲಭವಾಗಿ ಆದದ್ದಲ್ಲ. ಜನಜಂಗುಳಿ ಬಂದು ನೆಮ್ಮದಿ ಕೆಡುತ್ತದೆ ಎಂದು ನೆರೆಯವರು ಆಕ್ಷೇಪಿಸಿದರು, ವಿಷಯ ನ್ಯಾಯಾಲಯವನ್ನೂ ಹತ್ತಿತು. ಇಂದು ಅಲ್ಲಿಗೆ ಹೋಗುವ ಪ್ರವಾಸಿಗರು ದೋಣಿಯಲ್ಲಿ ಬರುತ್ತಾರೆ. ನೀರಿನಿಂದ ಮೆಟ್ಟಿಲು ಹತ್ತಿ ಮನೆಯನ್ನು ಸೇರುವುದು, ಸೈಪ್ ಮನೆಯವರು ಸೇರುತ್ತಿದ್ದಂತೆಯೇ.

ಈ ಆಕ್ಷೇಪದಲ್ಲಿಯೇ ನಮ್ಮ ಮುಖ್ಯ ಪ್ರಶ್ನೆ ಇದೆ. ಹತ್ತಾರು ಲಕ್ಷ ಡಾಲರ್ ಕೊಟ್ಟು ದಂಡೆಯಲ್ಲಿ ಮನೆ ಕೊಂಡವನು ಏನನ್ನು ಕೊಂಡ? ನೆಲವನ್ನೇ? ನೀರನ್ನೂ ಸೇರಿಸಿಯೇ? ಎದುರಿನ ನೋಟವನ್ನೂ ಸೇರಿಸಿಯೇ?

ವಿಸ್ಕಾನ್ಸಿನ್ ರಾಜ್ಯದ ಕಾನೂನು ಈ ವಿಷಯದಲ್ಲಿ ಖಚಿತವಾಗಿದೆ. 1787ರಲ್ಲಿ, ಅಲ್ಲಿ ರಾಜ್ಯಗಳೇ ಇಲ್ಲದಿದ್ದಾಗ, ಆ ವಾಯವ್ಯ ಪ್ರದೇಶಕ್ಕೆಂದು ಒಂದು ಶಾಸನವಾಯಿತು. ದೋಣಿ ಸಾಗಬಲ್ಲ ಜಲಮಾರ್ಗಗಳು ಎಲ್ಲರಿಗೂ ಸಾಮಾನ್ಯ ಹೆದ್ದಾರಿಗಳು, ಅವುಗಳ ಮೇಲೆ ತೆರಿಗೆಯಿಲ್ಲ ಎಂಬುದು ಅದರ ಒಂದು ಮಾತು. 1848ರಲ್ಲಿ ವಿಸ್ಕಾನ್ಸಿನ್ ರಾಜ್ಯವಾದಾಗ ಈ ಮಾತು ಅದರ ಸಂವಿಧಾನದೊಳಕ್ಕೂ ಬಂತು. ಅದರ ಪ್ರಕಾರ ಇಂಥ ನೈಸರ್ಗಿಕ ಸರೋವರದ ತಳ ರಾಜ್ಯದ್ದು. ರಾಜ್ಯ ಅದನ್ನು ಜನರ ಪರವಾಗಿ ನ್ಯಾಸಧಾರಿಯಂತೆ ಇಟ್ಟುಕೊಂಡಿದೆ. ದಂಡೆಯ ಒಡೆಯನಿಗೆ ನೀರಿಗಿಳಿಯುವ ಹಕ್ಕು, ನಿಯಮಕ್ಕೆ ಒಳಪಟ್ಟು ಪಿಯರ್ ಕಟ್ಟುವ ಹಕ್ಕು ಇವೆ. ಆದರೆ ಸಾರ್ವಜನಿಕ ಕಟ್ಟೆಯಿಂದ ಬಾಡಿಗೆಯ ಹುಟ್ಟುದೋಣಿಯಲ್ಲಿ ಹೊರಟ ಬಡ ವಿದ್ಯಾರ್ಥಿಯೊಬ್ಬ ಕೋಟ್ಯಧೀಶನ ಮನೆಯೆದುರು ಗಾಳ ಹಾಕಿ ಕುಳಿತರೆ ಅವನನ್ನು ಎಬ್ಬಿಸುವ ಅಧಿಕಾರ ಆ ಕೋಟ್ಯಧೀಶನಿಗಿಲ್ಲ. ಕಾಲು ನೀರಿನಲ್ಲಿರುವವರೆಗೆ ಅವನು ಸ್ವತಂತ್ರ. ದಂಡೆಯ ಮಣ್ಣಿಗೆ ಹೆಜ್ಜೆಯಿಟ್ಟರೆ ಅತಿಕ್ರಮಣ.

ಇಲ್ಲಿ ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಸರೋವರದ ಸುತ್ತ, ನೀರಿಗೆ ಹೊಂದಿಕೊಂಡಂತೆ, ಸುಮಾರು 34 ಕಿಲೋಮೀಟರ್ ಉದ್ದದ ಕಾಲುದಾರಿ ಇದೆ. ಅದು ಹೋಗುವುದು ಯಾವುದರ ನಡುವೆ? ಈ ಬಂಗಲೆಗಳ ಹುಲ್ಲುಹಾಸಿನ ನಡುವೆಯೇ. ಒಂದು ಕಡೆ ಮನೆ, ಇನ್ನೊಂದು ಕಡೆ ಅವರ ಪಿಯರ್, ಮಧ್ಯದಲ್ಲಿ ಊರವರೆಲ್ಲರ ದಾರಿ. ಯಾರು ಬೇಕಾದರೂ ನಡೆಯಬಹುದು. ತನ್ನ ಜಾಗದಲ್ಲಿ ಬರುವ ದಾರಿಯನ್ನು ಆಯಾ ಮನೆಯವರು ನೋಡಿಕೊಳ್ಳಬೇಕು. ಆದ್ದರಿಂದ ನಡೆಯುತ್ತ ಹೋದಂತೆ ಕಾಲಡಿಯ ನೆಲ ಬದಲಾಗುತ್ತದೆ: ಒಂದು ಮನೆಯ ಮುಂದೆ ಇಟ್ಟಿಗೆ, ಮುಂದಿನದರಲ್ಲಿ ಕಲ್ಲುಚಪ್ಪಡಿ, ಅದರಾಚೆ ಜಲ್ಲಿ, ಮತ್ತೊಂದು ಕಡೆ ಬರೀ ಮಣ್ಣು. ಮನೆಯ ಯಜಮಾನನ ಸ್ವಭಾವ ಅವನು ಹಾಸಿದ ದಾರಿಯಲ್ಲಿಯೇ ತಿಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಮುಳ್ಳುಪೊದೆಯನ್ನು ಬೇಕೆಂದೇ ಬೆಳೆಯಲು ಬಿಟ್ಟವರೂ ಇರಬಹುದು, ಕುಳಿತುಕೊಳ್ಳಲು ಬೆಂಚು ಹಾಕಿಸಿದವರೂ ಇರಬಹುದು.

ಈ ದಾರಿಯನ್ನು ಮೊದಲು ತುಳಿದವರು ಯಾರು? ಅಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನ. ಸರೋವರದ ಸುತ್ತಣ ಅವರ ಹಳ್ಳಿಗಳನ್ನು ಸೇರಿಸುತ್ತಿದ್ದ ಕಾಲುದಾರಿಯೇ ಇಂದಿನ ದಾರಿಯ ಮೂಲ ಎನ್ನುತ್ತಾರೆ. ಸರೋವರವನ್ನು ಅವರು ಕರೆಯುತ್ತಿದ್ದ ಹೆಸರು ಕಿಷ್ವಾಕಿಟೊ. ತಿಳಿನೀರು ಎಂಬ ಅರ್ಥವೆಂದು ಹೇಳುತ್ತಾರೆ. ಬಿಗ್ ಫುಟ್ ಎಂದು ಬಿಳಿಯರು ಕರೆದ ನಾಯಕ ಅವರ ಮುಖ್ಯಸ್ಥ. 1833ರಲ್ಲಿ ಷಿಕಾಗೊ ಒಪ್ಪಂದವಾಯಿತು. ಮಿಷಿಗನ್ ಸರೋವರದ ಪಶ್ಚಿಮಕ್ಕಿದ್ದ ಸುಮಾರು 50 ಲಕ್ಷ ಎಕರೆ ನೆಲವನ್ನು ಪೊಟವಾಟಮಿಗಳೂ ಅವರ ಬಂಧುಕುಲಗಳೂ ಬಿಟ್ಟುಕೊಡಬೇಕಾಯಿತು. 1836ರಲ್ಲಿ ಬಿಗ್ ಫುಟ್ ತನ್ನ ಜನರೊಂದಿಗೆ ಪಶ್ಚಿಮಕ್ಕೆ ಹೊರಟುಹೋದ. ಈಗ ದಂಡೆಯಲ್ಲಿ ಅವನ ಹೆಸರಿನ ಒಂದು ರಾಜ್ಯ ಉದ್ಯಾನವಿದೆ, ಸಮೀಪದಲ್ಲಿ ಒಂದು ಹೈಸ್ಕೂಲೂ ಇದೆ. ಹೆಸರು ಉಳಿಯಿತು, ಜನ ಉಳಿಯಲಿಲ್ಲ. ಎಲ್ಲರಿಗೂ ಸೇರಿದ ನೀರು ಎಂಬ ಕಾನೂನನ್ನು ಮೆಚ್ಚುವಾಗ, ಆ ಎಲ್ಲರಲ್ಲಿ ಇವರು ಸೇರಿರಲಿಲ್ಲ ಎಂಬುದನ್ನೂ ನೀವು ಗಮನಿಸಬೇಕು.

ಇನ್ನು ದೋಣಿಯ ಹಬ್ಬಗಳಿಗೆ ಬರೋಣ. 1874ರಲ್ಲಿ ಜನರಲ್ ಫಿಲಿಪ್ ಶೆರಿಡನ್ ಸರೋವರಕ್ಕೆ ಭೇಟಿ ಕೊಟ್ಟ. ಷಿಕಾಗೊದ ಬೆಂಕಿಯ ನಂತರ ಆ ನಗರದ ಕಾವಲು ವಹಿಸಿದ್ದವನು ಅವನೇ. ಪಶ್ಚಿಮದ ಬಯಲಿನಲ್ಲಿ ಮೂಲನಿವಾಸಿಗಳ ವಿರುದ್ಧ ಯುದ್ಧ ನಡೆಸಿದವನೂ ಅವನೇ. ಅವನ ಗೌರವಾರ್ಥ ಹಾಯಿದೋಣಿಗಳ ಪಂದ್ಯ ನಡೆಯಿತು. ಅದೇ ವರ್ಷ ಲೇಕ್ ಜಿನೀವಾ ಯಾಟ್ ಕ್ಲಬ್ ಹುಟ್ಟಿತು; ಶೆರಿಡನ್ ಹೆಸರಿನ ಬಹುಮಾನಕ್ಕಾಗಿ ಪಂದ್ಯಗಳು ನಡೆದುಬಂದವು. ಶ್ರೀಮಂತರಲ್ಲಿ ಆಗ ಉಗಿದೋಣಿಗಳ ಪೈಪೋಟಿ. ಯಾರ ದೋಣಿ ಉದ್ದ, ಯಾರದು ವೇಗ, ಯಾರದರ ಹಿತ್ತಾಳೆ ಹೆಚ್ಚು ಹೊಳೆಯುತ್ತದೆ ಎಂಬುದೇ ಮಾತು. ಆ ಕಾಲದ ಲೂಯಿಸ್ ಎಂಬ 1902ರ ಉಗಿದೋಣಿ ದುರಸ್ತಿಯಾಗಿ ಮತ್ತೆ ಪ್ರವಾಸಿಗರನ್ನು ಹೊತ್ತು ತಿರುಗಿತು.

ಇಲ್ಲಿಯ ಹಾಯಿದೋಣಿ ಒಂದು ಬಗೆಯಲ್ಲಿ ವಿಶೇಷವಾದದ್ದು. ಅದಕ್ಕೆ ಸ್ಕೌ ಎಂದು ಹೆಸರು. ಸಮುದ್ರದ ಹಾಯಿದೋಣಿಯ ತಳ ಚೂಪಾಗಿ ನೀರಿನಾಳಕ್ಕೆ ಇಳಿದಿರುತ್ತದೆ. ಸ್ಕೌ ಹಾಗಲ್ಲ, ಮರದ ತಟ್ಟೆಯಂತೆ ಚಪ್ಪಟೆ. ಒಳನಾಡಿನ ಸರೋವರದಲ್ಲಿ ದೊಡ್ಡ ಅಲೆಗಳಿಲ್ಲ. ಆದ್ದರಿಂದ ಅಲೆಯನ್ನು ಸೀಳುವ ಮೂಗು ಬೇಕಿಲ್ಲ, ನೀರಿನ ಮೇಲೆ ಜಾರುವ ತಳವಿದ್ದರೆ ಸಾಕು. ಗಾಳಿ ಬೀಸಿದಾಗ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ, ನೀರು ಮುಟ್ಟುವ ಭಾಗ ಕಿರಿದಾಗುತ್ತದೆ, ಎಳೆತ ಕಡಿಮೆಯಾಗುತ್ತದೆ, ವೇಗ ಏರುತ್ತದೆ. ಸವಾರರು ಎದುರು ಪಕ್ಕಕ್ಕೆ ಮೈ ಚಾಚಿ ತೂಕ ಸಮ ಮಾಡಬೇಕು. ಈ ಕಲೆಯಲ್ಲಿ ಪಳಗಿದ ಬಡ್ಡಿ ಮೆಲ್ಜಸ್ ಈ ಸೀಮೆಯವನು. ಅವನ ತಂದೆ 1945ರಲ್ಲಿ ಸಮೀಪದ ಜೆಂಡಾ ಎಂಬ ಹಳ್ಳಿಯಲ್ಲಿ ದೋಣಿ ಕಟ್ಟುವ ಕಾರ್ಖಾನೆ ಆರಂಭಿಸಿದ. ಮಗ 1964ರ ಒಲಿಂಪಿಕ್ಸಿನಲ್ಲಿ ಕಂಚು, 1972ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ. 1992ರಲ್ಲಿ ಅಮೆರಿಕಾಸ್ ಕಪ್ ಗೆದ್ದ ದೋಣಿಯ ಚುಕ್ಕಾಣಿ ಹಿಡಿದವರಲ್ಲಿ ಅವನೊಬ್ಬ. 2023ರಲ್ಲಿ ತೀರಿಕೊಂಡ. ಸಮುದ್ರವನ್ನೇ ಕಾಣದ ಊರಿನವನು ಸಮುದ್ರದ ಪಂದ್ಯ ಗೆದ್ದದ್ದು ಸಣ್ಣ ಮಾತಲ್ಲ.

ಆಗಸ್ಟ್ ತಿಂಗಳಲ್ಲಿ ವೆನೆಷಿಯನ್ ಉತ್ಸವ. ಇಟಲಿಯ ವೆನಿಸ್ ನಗರದ ಕಾಲುವೆಗಳನ್ನು ನೆನಪಿಸುವ ಹೆಸರು. ಊರಿನ ಯುವಕರ ಸೇವಾಸಂಘದವರು ಇದನ್ನು ನಡೆಸುತ್ತಾರೆ. ಬಂದ ಹಣ ಊರಿನ ಕೆಲಸಗಳಿಗೆ. ಹಗಲೆಲ್ಲ ದಂಡೆಯ ಉದ್ಯಾನದಲ್ಲಿ ತೊಟ್ಟಿಲು, ತಿಂಡಿ ಅಂಗಡಿ, ಹಾಡು. ಕೊನೆಯ ರಾತ್ರಿ ದೀಪಾಲಂಕಾರ ಮಾಡಿದ ದೋಣಿಗಳು ಒಂದರ ಹಿಂದೆ ಒಂದು ಕತ್ತಲೆಯ ನೀರಿನ ಮೇಲೆ ಸಾಗುತ್ತವೆ, ಆಮೇಲೆ ಬಾಣಬಿರುಸು. ನಮ್ಮ ತೆಪ್ಪೋತ್ಸವವನ್ನು ನೋಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟೀತು, ದೇವರೊಬ್ಬನು ಇಲ್ಲ ಅಷ್ಟೆ. ಈ ರಾತ್ರಿ ಬಂಗಲೆಯ ಜಗುಲಿಯಲ್ಲಿ ಕುಳಿತವರಿಗಿಂತ ಉದ್ಯಾನದ ಹುಲ್ಲಿನ ಮೇಲೆ ಕಂಬಳಿ ಹಾಸಿ ಕುಳಿತವರಿಗೇ ನೋಟ ಚೆನ್ನ ಎಂದು ನನ್ನ ಎಣಿಕೆ.

ಶ್ರೀಮಂತರು ಬರೀ ತಮಗೆ ಮಾತ್ರ ಬೇಸಿಗೆಯನ್ನು ಇಟ್ಟುಕೊಂಡರು ಎನ್ನುವುದೂ ತಪ್ಪಾದೀತು. 1887ರಲ್ಲಿ ಸರೋವರದ ಕುಟುಂಬಗಳು ಸೇರಿ ಒಂದು ಸಂಘ ಮಾಡಿ, ಷಿಕಾಗೊದ ಬಡಕೇರಿಗಳ ಮಕ್ಕಳನ್ನು ಬೇಸಿಗೆಯಲ್ಲಿ ಇಲ್ಲಿಗೆ ಕರೆತರುವ ಏರ್ಪಾಡು ಮಾಡಿದವು. ಹಾಲಿಡೇ ಹೋಮ್ ಎಂಬ ಆ ಶಿಬಿರ ಬೆಳೆದು ನಿಂತಿತು. ಆ ಮಕ್ಕಳ ಕೇರಿಗಳು ಯಾರ ಕಾರ್ಖಾನೆಗಳ ಸುತ್ತ ಬೆಳೆದವು ಎಂಬ ಪ್ರಶ್ನೆ ನಿಮಗೆ ಬಂದರೆ, ಅದೂ ಸರಿಯಾದ ಪ್ರಶ್ನೆಯೇ.

ಇದೇ ದಂಡೆಗೆ ಸೇರಿದ ಇನ್ನೊಂದು ಕಟ್ಟಡ ನಮಗೆ ತೀರ ಹತ್ತಿರದ್ದು. ವಿಲಿಯಮ್ಸ್ ಬೇಯಲ್ಲಿ 1897ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಯರ್ಕಿಸ್ ವೀಕ್ಷಣಾಲಯ ಆರಂಭವಾಯಿತು. ಹಣ ಕೊಟ್ಟವನು ಷಿಕಾಗೊದ ಟ್ರಾಮ್ ಕಂಪನಿಗಳ ಒಡೆಯ ಚಾರ್ಲ್ಸ್ ಯರ್ಕಿಸ್, ಕೊಡಿಸಿದವನು ಖಗೋಳವಿಜ್ಞಾನಿ ಜಾರ್ಜ್ ಎಲರಿ ಹೇಲ್. ಅಲ್ಲಿನ ದೂರದರ್ಶಕದ ಮಸೂರದ ವ್ಯಾಸ 40 ಅಂಗುಲ. ಖಗೋಳ ಸಂಶೋಧನೆಗೆ ಬಳಸಿದ ಮಸೂರ ದೂರದರ್ಶಕಗಳಲ್ಲಿ ಇದಕ್ಕಿಂತ ದೊಡ್ಡದು ಬರಲಿಲ್ಲ. ಇನ್ನೂ ದೊಡ್ಡ ಗಾಜು ತನ್ನ ಭಾರಕ್ಕೆ ತಾನೇ ಬಾಗುತ್ತದೆ, ಆದ್ದರಿಂದ ಮುಂದೆ ಎಲ್ಲರೂ ಕನ್ನಡಿಗಳತ್ತ ತಿರುಗಿದರು. 1937ರಲ್ಲಿ ಇಲ್ಲಿಗೆ 26 ವಯಸ್ಸಿನ ಒಬ್ಬ ಭಾರತೀಯ ಬಂದರು – ಸುಬ್ರಹ್ಮಣ್ಯನ್ ಚಂದ್ರಶೇಖರ್, ಬೆಂಗಳೂರಿನಲ್ಲಿ ಸಂಶೋಧನ ಸಂಸ್ಥೆ ಕಟ್ಟಿದ ಸರ್ ಸಿ. ವಿ. ರಾಮನ್ ಅವರ ಅಣ್ಣನ ಮಗ. 1964ರವರೆಗೆ ಅವರು ಪತ್ನಿ ಲಲಿತಾ ಅವರೊಂದಿಗೆ ಈ ಸರೋವರದ ಊರಿನಲ್ಲಿಯೇ ಇದ್ದರು. ಇಲ್ಲಿಂದ ಷಿಕಾಗೊಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಕಾರು ನಡೆಸಿಕೊಂಡು ಹೋಗಿ ಇಬ್ಬರೇ ವಿದ್ಯಾರ್ಥಿಗಳ ತರಗತಿಗೆ ಪಾಠ ಹೇಳುತ್ತಿದ್ದರೆಂಬ, ಆ ಇಬ್ಬರೂ – ಲೀ ಮತ್ತು ಯಾಂಗ್ – 1957ರಲ್ಲಿ ನೊಬೆಲ್ ಪಡೆದರೆಂಬ ಕಥೆ ಪ್ರಸಿದ್ಧವಾಗಿದೆ. ಗುರುವಿಗೆ ಆ ಪ್ರಶಸ್ತಿ ಬಂದದ್ದು 1983ರಲ್ಲಿ. ವಿಶ್ವವಿದ್ಯಾನಿಲಯ 2018ರಲ್ಲಿ ವೀಕ್ಷಣಾಲಯವನ್ನು ಮುಚ್ಚಿತು. ಊರಿನವರ ಆಸಕ್ತಿಯಿಂದ ರೂಪುಗೊಂಡ ಪ್ರತಿಷ್ಠಾನವೊಂದು 2020ರಲ್ಲಿ ಅದನ್ನು ವಹಿಸಿಕೊಂಡು, ದುರಸ್ತಿ ಮಾಡಿ, 2022ರಲ್ಲಿ ಸಾರ್ವಜನಿಕರಿಗೆ ಮತ್ತೆ ತೆರೆಯಿತು.

ಸರೋವರದ ಆರೋಗ್ಯದ ವಿಷಯ ಹೇಳದೆ ಹೋದರೆ ಮಾತು ಅರ್ಧವಾಗುತ್ತದೆ. ಇದು ಹಿಮಯುಗದ ಹಿಮನದಿಗಳು ಬಿಟ್ಟುಹೋದ ಕಣಿವೆ. ನೀರು ಹೆಚ್ಚಾಗಿ ಬುಗ್ಗೆಗಳದ್ದು, ಹೊರಹೋಗುವ ದಾರಿ ಪೂರ್ವದ ತುದಿಯ ಒಂದು ಸಣ್ಣ ಹೊಳೆ. ಒಮ್ಮೆ ಒಳಬಂದ ನೀರು ಪೂರ್ತಿ ಬದಲಾಗಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ಇಂದು ಬಿದ್ದ ಕಲ್ಮಶ ನಾಳೆ ಹೋಗುವುದಿಲ್ಲ. ಹಸಿರು ಹುಲ್ಲುಹಾಸಿಗೆ ಹಾಕಿದ ಗೊಬ್ಬರದ ರಂಜಕ ಮಳೆಯಲ್ಲಿ ನೀರಿಗಿಳಿದರೆ ಪಾಚಿ ಬೆಳೆಯುತ್ತದೆ. ವಿಸ್ಕಾನ್ಸಿನ್ 2010ರಿಂದ ಹುಲ್ಲುಹಾಸಿಗೆ ರಂಜಕವಿರುವ ಗೊಬ್ಬರ ಹಾಕುವುದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿತು. 1990ರ ದಶಕದಲ್ಲಿ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿಯೂ ಇಲ್ಲಿಗೆ ಬಂತು. ಒಂದು ಸರೋವರದಿಂದ ಇನ್ನೊಂದಕ್ಕೆ ಸಾಗಿಸಿದ ದೋಣಿಗಳ ತಳಕ್ಕೆ ಅಂಟಿಕೊಂಡು ಅದು ಹರಡುತ್ತದೆ. ಒಡೆಯನ ಅಂತಸ್ತನ್ನು ಅದು ಕೇಳುವುದಿಲ್ಲ.

ಚಳಿಗಾಲದಲ್ಲಿ ಈ ನೀರು ಗಟ್ಟಿಯಾಗುತ್ತದೆ. ಹಿಂದೆ ಆ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ರೈಲಿನಲ್ಲಿ ಷಿಕಾಗೊಕ್ಕೆ ಕಳುಹಿಸುತ್ತಿದ್ದರು. ಈಗ ಅದರ ಮೇಲೆ ಹಾಯಿ ಕಟ್ಟಿದ ಜಾರುಬಂಡಿಗಳ ಪಂದ್ಯ ನಡೆಯುತ್ತದೆ. ಮಂಜನ್ನು ಅತಿಯಾಗಿ ನಂಬಬಾರದು: 2016ರ ಫೆಬ್ರವರಿಯಲ್ಲಿ ಚಳಿಗಾಲದ ಉತ್ಸವಕ್ಕೆ ಬಂದವರು ಮಂಜಿನ ಮೇಲೆ ನಿಲ್ಲಿಸಿದ್ದ ಹತ್ತಕ್ಕೂ ಹೆಚ್ಚು ಕಾರುಗಳು ಅದು ಒಡೆದು ನೀರಿಗಿಳಿದವು.

ಮಂಜಿಗೆ ಇನ್ನೊಂದು ಗುಣವಿದೆ. ಚಳಿ ಹೆಚ್ಚಿದಾಗ ಅದು ಕುಗ್ಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ತುಂಬಿ ಹೆಪ್ಪುಗಟ್ಟುತ್ತದೆ. ಬಿಸಿಲು ಬಂದಾಗ ಹಾಳೆಯಿಡೀ ಹಿಗ್ಗಿ ದಂಡೆಯನ್ನು ನೂಕುತ್ತದೆ. ಆ ನೂಕಿಗೆ ಯಾವ ಮರದ ಕಟ್ಟೆಯೂ ತಡೆಯದು. ಆದ್ದರಿಂದ ಶರತ್ಕಾಲದಲ್ಲಿ ಕೆಲಸಗಾರರು ಎದೆಮಟ್ಟದ ತಣ್ಣೀರಿನಲ್ಲಿ ನಿಂತು ಪಿಯರ್‌ಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ ದಂಡೆಯ ಮೇಲೆ ಪೇರಿಸುತ್ತಾರೆ. ವಸಂತದಲ್ಲಿ ಅದೇ ಕೈಗಳು, ಇನ್ನೂ ತಣ್ಣಗಿರುವ ನೀರಿನಲ್ಲಿ, ಅವನ್ನು ಮತ್ತೆ ಜೋಡಿಸುತ್ತವೆ. ಜೂನ್ ಹೊತ್ತಿಗೆ ಟಪಾಲಿನ ಹುಡುಗರು ಹಾರುವುದು ಅವರು ಕೂರಿಸಿದ ಆ ಹಲಗೆಗಳ ಮೇಲೆಯೇ.